ಮನೆಯ ರಂಗಮಂಟಪಕ್ಕೆ ಪಕ್ಕದ ಸ್ಪೀಕರುಗಳು

ನಮ್ಮ ಚಿರಂಜೀವಿಯು ವೈಟ್‌ಫೀಲ್ಡಿನ ಆಚೆ ಕಾಡುಗೋಡಿಯ ಸಮೀಪದಲ್ಲಿ ಏಳನೆಯ ಅಂತಸ್ತಿನ ಮನೆಯೊಂದನ್ನು ಕೊಂಡು ಎರಡು ವರ್ಷಗಳಾದುವು. ಸಾಲದ ಕಂತುಗಳು ಇನ್ನೂ ಹದಿನೆಂಟು ವರ್ಷಗಳ ಮಟ್ಟಿಗೆ ಉಳಿದಿವೆ. ಆದರೂ ಈ ಸಲ ಕಂಪನಿಯವರು ಕೊಟ್ಟ ಬೋನಸ್ಸಿನಲ್ಲಿ ಹೋಂ ಥಿಯೇಟರೆಂಬ ಮನೆಯ ರಂಗಮಂಟಪವನ್ನು ಸಜ್ಜುಗೊಳಿಸಬೇಕೆಂದು ಅವನಿಗೆ ಹಂಬಲವುಂಟಾಯಿತು. ದೊಡ್ಡ ಟೆಲಿವಿಷನ್ನು, ಅದರ ಎರಡು ಮಗ್ಗುಲಿಗೆ ಎರಡು ಸ್ಪೀಕರು, ಕೆಳಗೆ ನಡುವಿನದೊಂದು, ಮೂಲೆಯಲ್ಲಿ ತಗ್ಗುಸ್ವರದ ಪೆಟ್ಟಿಗೆಯೊಂದು, ಇವೆಲ್ಲವೂ ಬಂದು ಕುಳಿತಾಗಿತ್ತು. ಉಳಿದುದು ನೋಡುವವರ ಪಕ್ಕಗಳಲ್ಲಿ ಇಡತಕ್ಕ ಎರಡು ಸ್ಪೀಕರು. ಅಂಗಡಿಯವರು ಸರೌಂಡ್ ಎನ್ನುವಂಥವು. ಅವುಗಳನ್ನು ಆರಿಸುವುದಕ್ಕೆ ನಮ್ಮನ್ನು ಕರೆಯಿಸಿದನು. ಸಂಸ್ಕೃತದ ಮೇಷ್ಟರಿಗೂ ಸ್ಪೀಕರಿಗೂ ಎತ್ತಣ ನಂಟೆಂದು ವಾಚಕರು ನಗಬಹುದು, ನಾವೂ ನಕ್ಕೆವು. ಆದರೆ ಕರೆದ ಕಾರಣವು ಬೇರೆ ಇದ್ದಿತು.

ನಮ್ಮ ಬೀಗರು, ಎಂದರೆ ಸೊಸೆಯ ತಂದೆ, ಪೀಣ್ಯದ ಒಂದು ಪ್ರೆಸ್ ಷಾಪಿನಲ್ಲಿ ಮೂವತ್ತು ವರ್ಷ ದುಡಿದವರು. ತಗಡನ್ನು ಒತ್ತುವ ಯಂತ್ರಗಳ ನಡುವೆ ದಿನಕ್ಕೆ ಎಂಟು ಗಂಟೆ ನಿಂತವರು. ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಂಡಿದ್ದರೋ ಇಲ್ಲವೋ. ಈಗ ಅವರಿಗೆ ಶಬ್ದವು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮಗಳ ಮನೆಯಲ್ಲಿ ಎಲ್ಲರೂ ಸಿನಿಮಾ ನೋಡಲು ಕುಳಿತರೆ, ಹತ್ತು ನಿಮಿಷ ಕುಳಿತಿದ್ದು, ಇತರರು ನಕ್ಕಾಗ ತಾವೂ ನಕ್ಕು, ಆಮೇಲೆ ನಿದ್ದೆ ಬರುತ್ತದೆಂದು ಹೇಳಿ ಎದ್ದು ಬಾಲ್ಕನಿಗೆ ಹೋಗಿಬಿಡುವರು. ನಿದ್ದೆ ಬಂದವರು ಬಾಲ್ಕನಿಗೇಕೆ ಹೋಗಬೇಕೆಂಬುದು ನಮ್ಮ ಸೊಸೆಗೆ ಹೊಳೆದು ಬಹಳ ದಿನಗಳಾಗಿದ್ದುವು. “ಅಪ್ಪಾ, ಇನ್ನೆರಡು ಪೆಟ್ಟಿಗೆ ಸೇರಿದರೆ ಮಾವನವರು ಕೂತುಕೊಳ್ಳುತ್ತಾರೋ, ಇಲ್ಲ ಪೂರ್ತಿ ಎದ್ದೇ ಹೋಗುತ್ತಾರೋ, ನೀವೇ ಬಂದು ನೋಡಿ. ನಾನು ಕೇಳಿದರೆ ಎಲ್ಲಾ ಚೆನ್ನಾಗಿದೆ ಅನ್ನುತ್ತಾರೆ” ಎಂದು ಚಿರಂಜೀವಿಯು ಫೋನಿನಲ್ಲಿ ಹೇಳಿದನು.

ನಾವೂ ಬೀಗರೂ ದಾಸರಹಳ್ಳಿಯವರೇ. ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬಂಡಿ ಬದಲಾಯಿಸಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಟೆವು. ಬೀಗರು ನಮ್ಮ ಎಡಕ್ಕೇ ಕುಳಿತರು. ಅವರ ಬಲಗಿವಿ ತುಸು ವಾಸಿ. ನಾವು ಆಡಿದ್ದನ್ನು ಬಹುಮಟ್ಟಿಗೆ ತುಟಿಗಳನ್ನು ನೋಡಿ ತಿಳಿದುಕೊಳ್ಳುತ್ತಿದ್ದರೆಂಬುದನ್ನು ಅಂದೇ ನಾವು ಗಮನಿಸಿದುದು. ಹತ್ತು ವರ್ಷಗಳ ಬೀಗತನದಲ್ಲಿ ಅದು ನಮಗೆ ಕಂಡಿರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪಕ್ಕದ ಸ್ಪೀಕರುಗಳ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು. ಸರಯೂತೀರದಲ್ಲಿ ಕೊಡ ಮುಳುಗಿದ ಸದ್ದನ್ನು ಕೇಳಿ ದಶರಥನು ಕತ್ತಲೆಯಲ್ಲಿ ಬಾಣ ಬಿಟ್ಟ ಕಥೆಯನ್ನು ಎಲ್ಲರೂ ಬಲ್ಲರು. ಸದ್ದು ಎಲ್ಲಿಂದ ಬಂದಿತೆಂಬುದರಲ್ಲಿ ಅವನ ಕಿವಿ ಎಳ್ಳಷ್ಟೂ ತಪ್ಪಲಿಲ್ಲ. ಸದ್ದು ಯಾರದೆಂಬುದರಲ್ಲಿ ಮಾತ್ರ ತಪ್ಪಿತು, ಆನೆಯೆಂದು ಮುನಿಕುಮಾರನನ್ನು ಕೊಂದನು. ಕಿವಿಗೆ ಇವೆರಡೂ ಬೇರೆ ಬೇರೆ ವಿದ್ಯೆಗಳು. ಬಲಗಡೆಯ ಸದ್ದು ಬಲಗಿವಿಗೆ ಮೊದಲೂ ಜೋರಾಗಿಯೂ, ಎಡಗಿವಿಗೆ ತಡವಾಗಿಯೂ ಮೆಲ್ಲಗೂ ಮುಟ್ಟುವುದು. ಆ ತಡವು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ. ಅಷ್ಟರಲ್ಲೇ ನಾವು ದಿಕ್ಕನ್ನು ಅರಿಯುವೆವು. ಇದನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೇ ಎಂಬ ವಿದ್ವಾಂಸರು ೧೯೦೭ರಲ್ಲಿ ವಿವರಿಸಿದರು. ಮಾತಿನ ಅಕ್ಷರಗಳನ್ನು ಬಿಡಿಸಿಕೊಳ್ಳುವ ವಿದ್ಯೆಯು ಬೇರೆ. ನಮ್ಮ ಬೀಗರಲ್ಲಿ ಸವೆದಿದ್ದುದು ಮುಖ್ಯವಾಗಿ ಈ ಎರಡನೆಯದು.

೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ಬಂದ ಕಾಲದಲ್ಲಿ ಎಲ್ಲ ಸದ್ದೂ ಒಂದೇ ಪಥದಲ್ಲಿ ಬಂದು ತೆರೆಯ ಕಡೆಯಿಂದಲೇ ಕೇಳಿಸುತ್ತಿದ್ದಿತು. ರಾವಣನೂ ಅಲ್ಲಿಂದಲೇ, ಕಪಿಸೈನ್ಯವೂ ಅಲ್ಲಿಂದಲೇ. ಎರಡು ಕಿವಿಗಳಿಗೆ ಎರಡು ಪಥಗಳಲ್ಲಿ ಧ್ವನಿಯನ್ನು ಒದಗಿಸುವ ಉಪಾಯವನ್ನು ಬ್ಲಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರು ೧೯೩೧ರಲ್ಲಿಯೇ ಬರೆದಿಟ್ಟಿದ್ದನು. ೧೯೪೦ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಕೆಲವೇ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ಸುತ್ತಲೂ ಸ್ಪೀಕರುಗಳನ್ನು ನಿಲ್ಲಿಸಿದರು. ಐದು ಪಥಗಳೂ ತಗ್ಗುಸ್ವರಕ್ಕೆ ಬೇರೊಂದು ಪಥವೂ ಉಳ್ಳ ಡಾಲ್ಬಿಯವರ ಡಿಜಿಟಲ್ ಏರ್ಪಾಡು ೧೯೯೨ರಲ್ಲಿ ಬಂದಿತು. ೫.೧ ಎಂದು ಡಬ್ಬಗಳ ಮೇಲೆ ಬರೆದಿರುವುದು ಇದನ್ನೇ. ೨೦೧೨ರಿಂದ ಈಚೆಗೆ ತಲೆಯ ಮೇಲಿನಿಂದಲೂ ಸದ್ದನ್ನು ಇಳಿಸುವ ಆಟ್ಮಾಸ್ ಎಂಬ ಕ್ರಮವು ಸೇರಿದೆ.

ಈ ಐದು ಪಥಗಳಲ್ಲಿ ಯಾವುದರಲ್ಲಿ ಏನು ಬರುತ್ತದೆಂಬುದನ್ನು ತಿಳಿಯದೆ ಸ್ಪೀಕರು ಕೊಳ್ಳುವುದು ಗ್ರಹಚಾರ. ಪಾತ್ರಗಳ ಮಾತು ಬಹುಪಾಲು ನಡುವಿನ ಸ್ಪೀಕರಿನಲ್ಲಿ ಬರುವುದು. ಪಕ್ಕದವುಗಳಲ್ಲಿ ಬರುವುದು ಮಳೆ, ಜಾತ್ರೆಯ ಗದ್ದಲ, ಜೀರುಂಡೆ, ಹಿಂದಿನಿಂದ ಮುಂದಕ್ಕೆ ಹಾದುಹೋಗುವ ಬಂಡಿ, ಸಂಗೀತದ ಅನುರಣನ. ಎಷ್ಟೋ ಹೊತ್ತು ಅವು ಸುಮ್ಮನೆಯೇ ಇರುವುವು. ಆದಕಾರಣ ಕೈಯಲ್ಲಿರುವ ಹಣದಲ್ಲಿ ದೊಡ್ಡ ಪಾಲನ್ನು ನಡುವಿನದಕ್ಕೂ ಮುಂದಿನವಕ್ಕೂ ಇಟ್ಟು, ಪಕ್ಕದವುಗಳಿಗೆ ಕಡಮೆ ಕೊಡುವುದೇ ಗೃಹಸ್ಥರಿಗೆ ಉಚಿತವೆಂದು ನಮ್ಮ ಅಭಿಪ್ರಾಯ.

ಚಿರಂಜೀವಿಯು ಇದಕ್ಕೆ ವಿರೋಧವಾಗಿ ನಡೆದಿದ್ದನು. ನಾವು ಹೋಗುವ ವೇಳೆಗೆ, ಸ್ನೇಹಿತನೊಬ್ಬನಿಂದ ಪರೀಕ್ಷೆಗೆಂದು ಎರವಲು ತಂದ, ಮೂರಡಿ ಎತ್ತರದ ಎರಡು ಭಾರಿ ಸ್ಪೀಕರುಗಳು ಸೋಫದ ಎರಡು ಕೊನೆಗಳಲ್ಲಿ ದ್ವಾರಪಾಲಕರಂತೆ ನಿಂತಿದ್ದುವು. ನಮ್ಮ ಮನೆಯವರು ಹಿಂದಿನ ವಾರವೇ ಅಲ್ಲಿಗೆ ಹೋಗಿದ್ದು ಸೋಫದ ಅಂಚಿನಲ್ಲಿ ಕುಳಿತಿದ್ದರಂತೆ. ಸಿನಿಮಾದಲ್ಲಿ ಗುಡುಗು ಬಂದಾಗ ಅದು ಒಂದೂವರೆ ಅಡಿ ದೂರದಿಂದ ಕಿವಿಗೇ ಹೊಡೆಯಿತಂತೆ. ಅಂದಿನಿಂದ ಸಿನಿಮಾದ ಹೊತ್ತಿಗೆ ಅವರಿಗೆ ಅಡಿಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿದ್ದಿತು. ನಾವು ಬೀಗರನ್ನು ನಡುವೆ ಕುಳ್ಳಿರಿಸಿ ಜಾತ್ರೆಯ ದೃಶ್ಯವೊಂದನ್ನು ಹಾಕಿಸಿದೆವು. ಅವರು ನಾಲ್ಕು ನಿಮಿಷದಲ್ಲಿ ಎದ್ದರು. ಜಾತ್ರೆಯೆಲ್ಲ ಕೇಳಿಸುತ್ತಿದ್ದಿತು, ಅದರಲ್ಲಿ ಮಾತನಾಡುತ್ತಿದ್ದವರು ಕೇಳಿಸಲಿಲ್ಲ. ಯಂತ್ರದ ಗದ್ದಲದಿಂದ ಕೆಡುವ ಕಿವಿಯು ಮೊದಲು ಸೆಕೆಂಡಿಗೆ ನಾಲ್ಕು ಸಾವಿರದ ಸುಮಾರಿನ ಕಂಪನಗಳುಳ್ಳ ಮೇಲ್ಸ್ವರಗಳನ್ನು ಕಳೆದುಕೊಳ್ಳುವುದೆಂದು ವೈದ್ಯರು ಹೇಳುವರು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಅವು ಕೇಳುವುವು. ಸಕಾರ, ಶಕಾರ, ತಕಾರ, ಕಕಾರಗಳು ಮೇಲಿನವಾದುದರಿಂದ ಉದುರಿಹೋಗುವುವು. ‘ಸಾಲ’ವೂ ‘ಕಾಲ’ವೂ ‘ತಾಳ’ವೂ ಒಂದೇ ಆಗಿ ಕೇಳಿಸುವ ಮನುಷ್ಯನಿಗೆ ಪಕ್ಕದಿಂದ ಜಾತ್ರೆಯನ್ನು ಸುರಿದರೆ ಏನು ಉಳಿಯುವುದು?

ಆ ದ್ವಾರಪಾಲಕರನ್ನು ಬಾಗಿಲ ಬಳಿಗೆ ಸಾಗಿಸಿ, ಮೊದಲು ಕೋಣೆಯನ್ನು ನೋಡಿದೆವು. ಹಜಾರವು ಇಪ್ಪತ್ತು ಅಡಿ ಉದ್ದ, ಹನ್ನೊಂದು ಅಡಿ ಅಗಲ. ನೆಲಕ್ಕೆ ಕನ್ನಡಿಯಂಥ ಟೈಲು. ಬಾಲ್ಕನಿಯ ಕಡೆಗೆ ಗಾಜಿನ ಬಾಗಿಲು. ಗೋಡೆಗಳು ಇಟ್ಟಿಗೆಯವಲ್ಲ, ಅಲ್ಯುಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟು. ತರಗತಿಯಲ್ಲಿ ಹುಡುಗರನ್ನು ಸುಮ್ಮನಿರಿಸಲು ತಟ್ಟುವಂತೆ ಒಂದು ಚಪ್ಪಾಳೆ ತಟ್ಟಿದೆವು. ಸದ್ದು ಗೋಡೆಯಿಂದ ಗೋಡೆಗೆ ಝಣಝಣವೆಂದು ಓಡಾಡಿತು. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಕೂಗು ಅನೇಕ ಸಲ ಮರುಕಳಿಸುವುದನ್ನು ಕೇಳಿ ನಾವು ಸಂತೋಷಪಡುತ್ತೇವೆ. ಆದರೆ ಅಲ್ಲಿ ಕುಳಿತು ಹರಿಕಥೆ ಕೇಳಲಾದೀತೇ? ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತಮುನಿಯು ಮನುಷ್ಯರಿಗೆ ಅರುವತ್ತನಾಲ್ಕು ಮೊಳ ಉದ್ದ, ಮೂವತ್ತೆರಡು ಮೊಳ ಅಗಲದ ಮಂಟಪವೇ ಯೋಗ್ಯವೆಂದೂ, ಅದಕ್ಕಿಂತ ಹಿರಿದಾದರೆ ಪಾಠ್ಯವು ಅಸ್ಪಷ್ಟವಾಗುವುದೆಂದೂ, ಮಂಟಪವು ಬೆಟ್ಟದ ಗವಿಯಂತೆ ಗಾಳಿಯ ಹೊಡೆತವಿಲ್ಲದೆ ಗಂಭೀರಧ್ವನಿಯುಳ್ಳುದಾಗಿ ಇರಬೇಕೆಂದೂ ಹೇಳಿದನು. ಆತನಿಗೆ ಮೊದಲ ಚಿಂತೆ ಮಾತು ಕೇಳಬೇಕೆಂಬುದು. ಅಮೆರಿಕದ ಹಾರ್ವರ್ಡಿನಲ್ಲಿ ಸೇಬಿನ್ ಎಂಬ ಉಪಾಧ್ಯಾಯನು, ಉಪನ್ಯಾಸ ಕೇಳಿಸದ ಒಂದು ಸಭಾಂಗಣಕ್ಕೆ ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ವೇಳೆ ಹೊರಿಸಿ ತಂದು, ಎಷ್ಟು ಮೆತ್ತೆಗೆ ಎಷ್ಟು ಮಾರ್ದನಿ ಕಡಮೆಯಾಗುವುದೆಂದು ೧೮೯೫ರಿಂದ ಅಳೆಯುತ್ತ ಕುಳಿತನು. ಧ್ವನಿಶಾಸ್ತ್ರದ ಗಣಿತವೇ ಅಲ್ಲಿಂದ ಹುಟ್ಟಿತು. ನಾವು ಅಷ್ಟು ದೂರ ಹೋಗಬೇಕಾಗಲಿಲ್ಲ. ಸೊಸೆಯು ಅಟ್ಟದಿಂದ ಹಳೆಯ ಜಮಖಾನವನ್ನು ತೆಗೆದು ಟೆಲಿವಿಷನ್ನಿಗೂ ಸೋಫಕ್ಕೂ ನಡುವೆ ಹಾಸಿದಳು. ಗಾಜಿನ ಬಾಗಿಲಿಗೆ ದಪ್ಪನೆಯ ಪರದೆಯನ್ನು ಎಳೆದಳು. ಎಡಗೋಡೆಗೆ ಪುಸ್ತಕಗಳ ಕಪಾಟು ಬಂದಿತು. ಮತ್ತೆ ಚಪ್ಪಾಳೆ ತಟ್ಟಿದೆವು; ಝಣತ್ಕಾರವು ಅರ್ಧಕ್ಕರ್ಧ ಅಡಗಿತು. ಇದಿಷ್ಟಕ್ಕೆ ಆದ ಖರ್ಚು ಪರದೆಯದು ಮಾತ್ರ. ಬೀಗರು, ತಮಗೇಕೆ ಇದನ್ನು ಮಾಡುತ್ತಿದ್ದಾರೆಂದು ತಿಳಿಯದೆ, ಜಮಖಾನದ ಒಂದು ತುದಿಯನ್ನು ಹಿಡಿದು ಸಹಾಯ ಮಾಡಿದರು.

ಆ ಮೇಲೆ ಸ್ಪೀಕರುಗಳ ಜಾತಿಯ ವಿಚಾರ. ಶಬ್ದವು ಹರಡುವ ಬಗೆಗೆ ನಮ್ಮ ತಾರ್ಕಿಕರು ಎರಡು ನ್ಯಾಯಗಳನ್ನು ಹೇಳಿದ್ದಾರೆ: ನೀರಿನ ಅಲೆಯು ಮತ್ತೊಂದು ಅಲೆಯನ್ನು ತಳ್ಳುತ್ತ ಸಾಗುವ ವೀಚೀತರಂಗನ್ಯಾಯ; ಕದಂಬದ ಹೂವಿನ ಕೇಸರಗಳು ಏಕಕಾಲದಲ್ಲಿ ಎಲ್ಲ ದಿಕ್ಕಿಗೂ ಚಾಚುವ ಕದಂಬಗೋಲಕನ್ಯಾಯ. ಅವರು ಹೇಳಿದ್ದು ಬೇರೆ ಪ್ರಸಂಗಕ್ಕೆ. ಆದರೂ ಅಂಗಡಿಯ ಹುಡುಗನು ವಿವರಿಸುತ್ತಿದ್ದಾಗ ನಮಗೆ ನೆನಪಾದುದು ಇದೇ. ಒಂದು ಜಾತಿಯ ಸ್ಪೀಕರು ಮುಂದಕ್ಕೆ, ಕುಳಿತವನ ಕಡೆಗೆ, ನೇರವಾಗಿ ಧ್ವನಿಯನ್ನು ಕಳುಹಿಸುವುದು. ಇನ್ನೊಂದು ಜಾತಿಯವು, ಬೈಪೋಲು ಡೈಪೋಲು ಎನ್ನುವಂಥವು, ಎರಡು ಮುಖಗಳಿಂದ ಎರಡು ಕಡೆಗೆ ಕಳುಹಿಸಿ, ಗೋಡೆಗಳಿಂದ ಹೊರಳಿಸಿ, ಎಲ್ಲಿಂದ ಬಂದಿತೆಂದು ತಿಳಿಯದಂತೆ ಮಾಡುವುವು. ಎರಡು ಪಕ್ಕಗಳಲ್ಲಿಯೂ ಗೋಡೆಯಿದ್ದು, ಜನರು ಗೋಡೆಗೆ ಅಂಟಿಯೇ ಕುಳಿತುಕೊಳ್ಳಬೇಕಾದ ಇಕ್ಕಟ್ಟಿನ ಕೋಣೆಯಲ್ಲಿ ಈ ಎರಡನೆಯ ಜಾತಿಯು ವಾಸಿ. ಕಿವಿಯ ಪಕ್ಕದಲ್ಲಿ ಗುಡುಗುವುದಿಲ್ಲ. ಆದರೆ ಚಿರಂಜೀವಿಯ ಹಜಾರಕ್ಕೆ ಎಡಗಡೆ ಮಾತ್ರ ಗೋಡೆ. ಬಲಗಡೆ ಊಟದ ಜಾಗಕ್ಕೆ ತೆರೆದುಕೊಂಡಿದೆ. ಹೊರಳಿಸಲು ಗೋಡೆಯೇ ಇಲ್ಲದ ಕಡೆ ಕದಂಬವು ಏನು ಮಾಡೀತು? ಅಲ್ಲದೆ ಮಾರ್ದನಿಯನ್ನು ಕಡಮೆ ಮಾಡಲು ಜಮಖಾನ ಹಾಸಿ, ಮಾರ್ದನಿಯನ್ನೇ ನಂಬಿದ ಸ್ಪೀಕರನ್ನು ಕೊಳ್ಳುವುದು ಅಸಂಬದ್ಧ. ನೇರವಾದ ಚಿಕ್ಕ ಸ್ಪೀಕರುಗಳೇ ಸಾಕೆಂದು ನಿಶ್ಚಯಿಸಿದೆವು.

ಚಿಕ್ಕವೇ ಏಕೆಂದರೆ, ಸೆಕೆಂಡಿಗೆ ಎಂಬತ್ತು ಕಂಪನಗಳಿಗಿಂತ ಕೆಳಗಿನ ಗಡಸು ಸ್ವರಗಳು ಯಾವ ದಿಕ್ಕಿನಿಂದ ಬಂದುವೆಂದು ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಅವನ್ನೆಲ್ಲ ರಿಸೀವರು ಯಂತ್ರವೇ ಬೇರ್ಪಡಿಸಿ ಮೂಲೆಯ ತಗ್ಗುಸ್ವರದ ಪೆಟ್ಟಿಗೆಗೆ ಕಳುಹಿಸಬಲ್ಲುದು. ಉಳಿದ ಸ್ವರಗಳಿಗೆ ಗೇಣುದ್ದದ ಪೆಟ್ಟಿಗೆಯೇ ಸಾಕು. ಮುಂದಿನ ಸ್ಪೀಕರುಗಳನ್ನು ಮಾಡಿದ ಕಂಪನಿಯದೇ, ಅದೇ ವರ್ಗದ್ದೇ ಆದರೆ ಒಳಿತು. ಇಲ್ಲದಿದ್ದರೆ ಬಂಡಿಯು ಮುಂದಿನಿಂದ ಪಕ್ಕಕ್ಕೆ ಬರುವಷ್ಟರಲ್ಲಿ ಅದರ ಕಂಠವೇ ಬದಲಾಯಿಸುವುದು. ಓಮ್ ಎಂಬ ಅಳತೆಯು ರಿಸೀವರಿನ ಹಿಂಬದಿಯಲ್ಲಿ ಬರೆದಿರುವುದಕ್ಕಿಂತ ಕಡಮೆಯಾಗಕೂಡದು. ಡಬ್ಬದ ಮೇಲಿನ ವ್ಯಾಟ್‌ಗಳನ್ನು ಮಾತ್ರ ನಂಬಬೇಡಿ. ಪಿ.ಎಂ.ಪಿ.ಓ. ಎಂಬ ಹೆಸರಿನಲ್ಲಿ ಸಾವಿರ, ಎರಡು ಸಾವಿರವೆಂದು ಬರೆಯುವುದು ಕ್ಷಣಮಾತ್ರದ ಉಬ್ಬಸದ ಲೆಕ್ಕ. ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಆರ್.ಎಂ.ಎಸ್. ಎಂದು ಬರೆದಿರುವರು. ಅದನ್ನು ಕೇಳಿರಿ.

ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ತೆರೆಗಳನ್ನು ಕಟ್ಟಿದ ಕೋಣೆಯಲ್ಲಿ ವಿಮಾನದ ಯುದ್ಧವನ್ನು ಕೇಳಿಸಿದರು. ಯಾವ ಸ್ಪೀಕರಾದರೂ ವಿಮಾನದ ಯುದ್ಧದಲ್ಲಿ ಚೆನ್ನಾಗಿಯೇ ಕೇಳುವುದು. ಮಳೆಯನ್ನು ಹಾಕಿರೆಂದು ನಾವು ಕೇಳಿದೆವು. ಕೆಟ್ಟ ಸ್ಪೀಕರಿನಲ್ಲಿ ಮಳೆಯು ಒಗ್ಗರಣೆಯಾಗುವುದು. ನಾವು ತೋರಿಸಿದ ಚಿಕ್ಕ ಜೋಡಿಯ ಬೆಲೆಯು, ಅವರು ಮುಂದೆ ಮಾಡಿದ ಜೋಡಿಯ ಮೂರರಲ್ಲಿ ಒಂದು ಪಾಲಾಗಿದ್ದಿತು. ಅಂಗಡಿಯವರಿಗೆ ನಮ್ಮ ಮೇಲೆ ಬೇಸರವಾಯಿತೆಂದು ತೋರುತ್ತದೆ. ತಂತಿಯಿಲ್ಲದ ಸರೌಂಡುಗಳನ್ನೂ ತೋರಿಸಿದರು. ಅವಕ್ಕೂ ಕರೆಂಟಿನ ತಂತಿ ಬೇಕೇ ಬೇಕು, ಸೋಫದ ಹಿಂದೆ ಪ್ಲಗ್ಗು ಇಲ್ಲದವರಿಗೆ ಏನೂ ಮಿಗದು. ಸ್ಪೀಕರಿನ ತಂತಿಯನ್ನು ಚಿರಂಜೀವಿಯು ಮಾರನೆಯ ದಿನ ಎಸ್.ಪಿ. ರಸ್ತೆಯಲ್ಲಿ ತಂದನು. ಅಲ್ಲಿ ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ತಂತಿಯೂ ತಾಮ್ರವೆಂದೇ ಮಾರಾಟವಾಗುವುದುಂಟು. ತುದಿಯನ್ನು ಚಾಕುವಿನಿಂದ ಹೆರೆದು ನೋಡಿದರೆ ಒಳಗೆ ಬೆಳ್ಳಗಿರುವುದು. ಹದಿನಾರನೆಯ ಗೇಜಿನ ಅಸಲು ತಾಮ್ರವು ಅಷ್ಟು ದೂರಕ್ಕೆ ಧಾರಾಳವಾಯಿತು.

ಇಡುವ ಸ್ಥಳಕ್ಕೆ ಗಡಿಯಾರದ ಮುಖವನ್ನು ನೆನೆಯಿರಿ. ನೀವು ನಡುವೆ, ಟೆಲಿವಿಷನ್ನು ಹನ್ನೆರಡರಲ್ಲಿ, ಮುಂದಿನ ಎರಡು ಸ್ಪೀಕರು ಹನ್ನೊಂದಕ್ಕೂ ಒಂದಕ್ಕೂ. ಪಕ್ಕದವು ನಾಲ್ಕು ಮತ್ತು ಎಂಟರ ಅಂಕಿಗಳಿಗೆ ಸ್ವಲ್ಪ ಮುಂದಕ್ಕೆ, ಎಂದರೆ ಕಿವಿಗಳಿಂದ ತುಸು ಹಿಂದಕ್ಕೆ ಬರತಕ್ಕದ್ದು. ಇದು ಸಾಧ್ಯವಾಗಬೇಕಾದರೆ ಸೋಫವು ಹಿಂದಿನ ಗೋಡೆಗೆ ಒರಗಿರಕೂಡದು. ಎರಡಡಿ ಮುಂದಕ್ಕೆ ಎಳೆಸಿದೆವು. ಮೊಮ್ಮಗನಿಗೆ ಅದರ ಹಿಂದೆ ಅಡಗಿಕೊಳ್ಳಲು ಸ್ಥಳವಾಯಿತು. ಕುಳಿತವರ ಕಿವಿಗಿಂತ ಒಂದೆರಡು ಅಡಿ ಎತ್ತರವಿದ್ದರೆ ಪಕ್ಕದಲ್ಲಿರುವವರ ತಲೆಯು ಅಡ್ಡವಾಗದು. ಆಟ್ಮಾಸ್ ಹಾಕಿಸುವವರು ಮಾತ್ರ ಇವನ್ನು ಕಿವಿಯ ಮಟ್ಟಕ್ಕೇ ಇಳಿಸಬೇಕು, ಇಲ್ಲದಿದ್ದರೆ ಮೇಲಿನದಕ್ಕೂ ಪಕ್ಕದ್ದಕ್ಕೂ ಭೇದವು ಕಾಣದು. ಎಡಗಡೆಯದನ್ನು ಗೋಡೆಗೆ ಹೊಡೆಸಿದೆವು. ಎರಕದ ಗೋಡೆಯಲ್ಲಿ ಕರೆಂಟಿನ ಕೊಳವೆಗಳು ಎಲ್ಲಿ ಹುದುಗಿವೆಯೆಂದು ಮೇಲಿನಿಂದ ತಿಳಿಯದಾದಕಾರಣ, ಕಟ್ಟಿದವರು ಕೊಟ್ಟ ನಕಾಶೆಯನ್ನು ನೋಡದೆ ಡ್ರಿಲ್ಲು ಹಿಡಿಯಬಾರದು. ಬಲಗಡೆಯದಕ್ಕೆ ಗೋಡೆಯಿಲ್ಲವಾಗಿ, ತಳಭಾರದ ಕಬ್ಬಿಣದ ಸ್ಟ್ಯಾಂಡೊಂದನ್ನು ಮಾಡಿಸಿದೆವು. ಬೀಗರೇ ಪೀಣ್ಯದಲ್ಲಿ ತಮ್ಮ ಹಳೆಯ ಶಿಷ್ಯನೊಬ್ಬನಿಗೆ ಹೇಳಿ, ಮಗು ಜೋತುಬಿದ್ದರೂ ಉರುಳದಂತೆ ತೂಕ ಹಾಕಿಸಿ ತಂದರು. ಮೇಷ್ಟರಿಗೆ ಶಿಷ್ಯರಿರುವುದು ಸಹಜ. ಪ್ರೆಸ್ ಷಾಪಿನವರಿಗೆ ನಮಗಿಂತ ಹೆಚ್ಚು ಕೃತಜ್ಞರಾದ ಶಿಷ್ಯರಿರುವುದನ್ನು ಕಂಡೆವು.

ಎಡಗಡೆಯದು ಐದಡಿ, ಬಲಗಡೆಯದು ಏಳಡಿ ದೂರ ಬಂದಿತು. ಇದರಿಂದ ಹಾನಿಯಿಲ್ಲ. ಧ್ವನಿಯು ಒಂದು ಸೆಕೆಂಡಿಗೆ ಸುಮಾರು ೧,೧೩೦ ಅಡಿ ಸಾಗುವುದು. ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಮೊದಲು ಬಂದುದನ್ನೇ ಕಿವಿಯು ನಂಬುವುದೆಂದು ಹಾಸ್ ಎಂಬ ಜರ್ಮನ್ ವಿದ್ವಾಂಸನು ೧೯೪೯ರಲ್ಲಿ ತೋರಿಸಿದನು. ಆದುದರಿಂದ ಹತ್ತಿರದ್ದನ್ನು ಅಷ್ಟು ತಡೆದು ಬಿಡಬೇಕು. ರಿಸೀವರಿನೊಡನೆ ಬಂದ ಪುಟ್ಟ ಮೈಕನ್ನು ಕುಳಿತುಕೊಳ್ಳುವ ಸ್ಥಳದಲ್ಲಿಟ್ಟರೆ ಯಂತ್ರವೇ ದೂರವನ್ನು ಅಳೆದು ಸರಿಪಡಿಸುವುದು. ಆದರೆ ಯಂತ್ರವು ಸಿದ್ಧಪಡಿಸಿದುದು ಎಳೆಯ ಕಿವಿಗೆ. ನಾವು ಅದರ ಮೇಲೆ ಕೈಯಿಟ್ಟು ನಡುವಿನ ಸ್ಪೀಕರನ್ನು ಮೂರು ಡೆಸಿಬೆಲ್ ಏರಿಸಿ, ಪಕ್ಕದವುಗಳನ್ನು ಮೂರು ಇಳಿಸಿದೆವು. ಸಂಗೀತ ಬಲ್ಲವರು ಇದನ್ನು ಅಪಚಾರವೆನ್ನಬಹುದು. ಮಾತು ಮುಂದೆ ನಿಂತಿತು, ಮಳೆ ಹಿಂದಕ್ಕೆ ಸರಿಯಿತು. ನಮಗೆ ಬೇಕಾದುದು ಅದೇ. ಇದರಿಂದ ಕಿವಿಯ ರೋಗವು ವಾಸಿಯಾಗದೆಂಬುದನ್ನು ಬಲ್ಲೆವು. ಬೀಗರನ್ನು ಮುಂದಿನ ತಿಂಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಲು ಒಪ್ಪಿಸಿದ್ದೇವೆ. ಟೆಲಿವಿಷನ್ನಿನ ಮಾತನ್ನು ನೇರವಾಗಿ ಕಿವಿಗೇ ತಲಪಿಸುವ ಶ್ರವಣಯಂತ್ರಗಳೂ ಈಗ ಉಂಟು.

ಇನ್ನು ಕೆಳಗಿನ ಮನೆಯವರ ವಿಚಾರ. ಆರನೆಯ ಅಂತಸ್ತಿನಲ್ಲಿ ಅಮೆರಿಕದ ಗಿರಾಕಿಗಳಿಗಾಗಿ ರಾತ್ರಿಯೆಲ್ಲ ಕೆಲಸ ಮಾಡಿ ಹಗಲು ಮಲಗುವ ಹುಡುಗಿಯೊಬ್ಬಳು ಇರುವಳು. ೨೦೦೦ದ ಶಬ್ದಮಾಲಿನ್ಯದ ನಿಯಮಗಳು ವಸತಿಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಹಗಲನ್ನೇ ರಾತ್ರಿ ಮಾಡಿಕೊಂಡವರಿಗೆ ಯಾವ ನಿಯಮವೋ ತಿಳಿಯದು. ಪಕ್ಕದ ಸ್ಪೀಕರುಗಳಿಂದ ಅವಳಿಗೆ ತೊಂದರೆಯಿಲ್ಲ. ತಗ್ಗುಸ್ವರದ ಪೆಟ್ಟಿಗೆಯು ಮಾತ್ರ ನೆಲದ ಮೂಲಕವೇ ಇಳಿದುಹೋಗುವುದು. ಅದರ ಕೆಳಗೆ ದಪ್ಪನೆಯ ರಬ್ಬರ್ ಹಾಸನ್ನು ಇಡಿಸಿ, ಮೂಲೆಯಿಂದ ಈಚೆಗೆ ಎಳೆಸಿ, ಸ್ವರವನ್ನೂ ತಗ್ಗಿಸಿದೆವು.

ಮುಂದಿನ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕುಳಿತೆವು. ಏನು ನೋಡೋಣವೆಂದು ಕೇಳಿದ್ದಕ್ಕೆ ಬೀಗರು ೧೯೭೨ರ ‘ಬಂಗಾರದ ಮನುಷ್ಯ’ ಎಂದರು. ಚಿರಂಜೀವಿಯ ಮುಖವು ಬಾಡಿತು. ಆ ಕಾಲದ ಚಿತ್ರದಲ್ಲಿ ಧ್ವನಿಯು ಒಂದೇ ಪಥದ್ದು. ಅದೆಲ್ಲವೂ ನಡುವಿನ ಸ್ಪೀಕರಿನಿಂದಲೇ ಬಂದಿತು, ಹೊಸ ಜೋಡಿಯು ಚಿತ್ರದುದ್ದಕ್ಕೂ ಮೌನವ್ರತವನ್ನು ಹಿಡಿಯಿತು. ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು, ಹೊಸ ಸ್ಪೀಕರಿನ ಕಡೆಗೆ ಒಮ್ಮೆ ನೋಡಿ, ಅಂಚಿನಲ್ಲಿಯೇ ಕುಳಿತರು. ಅರ್ಧ ಚಿತ್ರವಾದರೂ ಬೀಗರು ಏಳಲಿಲ್ಲ. ಒಂದು ಕಡೆ ಹಾಸ್ಯದ ಮಾತು ಬಂದಿತು. ನಾವು ನಗುವುದಕ್ಕೆ ಮೊದಲೇ ಅವರು ನಕ್ಕರು. ಸೊಸೆಯು ಅವರ ಕಡೆಗೆ ತಿರುಗಿ ನೋಡಿ, ಏನೋ ನೆಪದಿಂದ ಒಳಕ್ಕೆ ಹೋಗಿ ಬಂದಳು. ಸ್ವಲ್ಪ ಹೊತ್ತಾದ ಮೇಲೆ ಬೀಗರು ಅಳಿಯನ ಮೊಣಕಾಲನ್ನು ತಟ್ಟಿ ಹೇಳಿದರು: “ಸೌಂಡು ಒಂಚೂರು ಕಮ್ಮಿ ಮಾಡಪ್ಪ, ಕೆಳಗಡೆ ಆ ಮಗು ಮಲಗಿರುತ್ತೆ.”